ಒಳಬಳೆಯ ಕಡಿತ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಎದುರಿನ ಸಂದಿಯಲ್ಲಿ ನಿಂತು ಪಕ್ಕೀರಪ್ಪನ ಅಂಗಡಿ ಎಲ್ಲಿ ಅಂತ ಕೇಳಿದರೆ ಈಗ ಯಾರೂ ಹೇಳುವುದಿಲ್ಲ. ಶಿವಲೀಲಾಳ ಆನ್‌ಲೈನ್ ಸೆಂಟರ್ ಎಲ್ಲಿ ಅಂತ ಕೇಳಬೇಕು. ಅಂಗಡಿ ಅದೇ, ಬಾಗಿಲು ಅದೇ, ಬಾಗಿಲ ಮೇಲಿನ ‘ಬೀರಲಿಂಗೇಶ್ವರ ರಬ್ಬರ್ ಸ್ಟಾಂಪ್ಸ್’ ಎಂಬ ತಗಡಿನ ಬೋರ್ಡೂ ಅದೇ. ಅದರ ಮೇಲೆ ಮಗಳು ಬಣ್ಣದ ಬ್ಯಾನರ್ ಕಟ್ಟಿಸಿದ್ದಾಳೆ, ಅಷ್ಟೆ. ಗಾಳಿ ಜೋರಾದಾಗ ಬ್ಯಾನರ್ ಎದ್ದು ಕೆಳಗಿನ ಹಳೆಯ ಹೆಸರು ಒಂದು ಗಳಿಗೆ ಕಾಣುತ್ತದೆ. ಆ ಹೊತ್ತಿಗೆ ಪಕ್ಕೀರಪ್ಪ ರಸ್ತೆಯ ಆಚೆ ನಿಂತಿದ್ದರೆ, ಅದನ್ನೊಮ್ಮೆ ಓದಿಕೊಂಡು, ಆಮೇಲೆ ರಸ್ತೆ ದಾಟುತ್ತಾನೆ.

ಸುಮ್ಮನೆ ಬಂದ ಹೆಸರಲ್ಲ ಅದು. 1981ರಿಂದ ಮೂವತ್ಮೂರು ವರ್ಷ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಯಾವ ಕಡೆ ಹೋದರೂ ಶಾಲೆ, ಸೊಸೈಟಿ, ಪಂಚಾಯ್ತಿಗಳ ಮೇಜಿನ ಮೇಲೆ ಇಂಕ್‌ಪ್ಯಾಡಿನ ಪಕ್ಕದಲ್ಲಿ ಪಕ್ಕೀರಪ್ಪ ಮಾಡಿದ ಮೊಹರು ಕೂತಿರುತ್ತಿತ್ತು. ಅಚ್ಚುಮೊಳೆ ಒಂದೊಂದಾಗಿ ಹೆಕ್ಕಿ ಜೋಡಿಸಬೇಕು, ಅಚ್ಚು ತೆಗೆಯಬೇಕು, ರಬ್ಬರನ್ನು ಒತ್ತಿಟ್ಟು ಬೇಯಿಸಬೇಕು, ಕತ್ತರಿಸಿ ಕಟ್ಟಿಗೆಯ ಹಿಡಿಕೆಗೆ ಅಂಟಿಸಬೇಕು. ಬೇಯುವ ರಬ್ಬರಿನ ವಾಸನೆಗೆ ಪಕ್ಕದ ಚಹಾದಂಗಡಿಯವನು ದಿನಾ ಬೈಯುತ್ತಿದ್ದ. ಈಗ ಆ ವಾಸನೆಯೂ ಇಲ್ಲ, ಬೈಯುತ್ತಿದ್ದ ಮನುಷ್ಯನೂ ಇಲ್ಲ. ಅರವತ್ತೆಂಟರ ಪಕ್ಕೀರಪ್ಪನಿಗೆ ಎರಡೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಕಸುಬಿನಲ್ಲಿ ಅವನಿಗೆ ಎರಡು ನಿಯಮಗಳಿದ್ದವು, ಊರಿಗೆಲ್ಲ ಗೊತ್ತಿದ್ದವು. ಕಚೇರಿಯ ಮುಖ್ಯಸ್ಥರ ಪತ್ರ ತರದವನಿಗೆ, ಅವನು ಶಾಸಕರ ಬೀಗನೇ ಆಗಿರಲಿ, ಮೊಹರು ಮಾಡಿಕೊಡುತ್ತಿರಲಿಲ್ಲ. ಮಾಡಿದ ಪ್ರತಿ ಮೊಹರಿನ ಮೊದಲ ಅಚ್ಚನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಒತ್ತಿ, ತಾರೀಖು ಬರೆದು, ಒಯ್ಯುವವನ ಸಹಿ ಹಾಕಿಸಿಕೊಳ್ಳುತ್ತಿದ್ದ. ಮೂರನೆಯದೊಂದಿತ್ತು. ಅದು ಸತ್ತುಹೋದ ಹೆಂಡತಿಗೂ ಗೊತ್ತಿರಲಿಲ್ಲ, ಇರುವ ಮಗಳಿಗೂ ಗೊತ್ತಿರಲಿಲ್ಲ. ದುಂಡನೆಯ ಮೊಹರಿಗೆ ಎರಡು ಬಳೆ ಇರುತ್ತವೆ. ಹೊರಗೊಂದು, ಒಳಗೊಂದು, ನಡುವೆ ಕಚೇರಿಯ ಹೆಸರು. ಹಿಡಿಕೆಗೆ ಅಂಟಿಸುವ ಮುಂಚೆ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬ್ಲೇಡಿನ ತುದಿಯಿಂದ ಒಳಬಳೆಯನ್ನು ಒಂದು ಕಡೆ ಕೂದಲೆಳೆಯಷ್ಟು ಕಡಿದುಬಿಡುತ್ತಿದ್ದ. ಒಂದೊಂದು ಊರಿನ ಮೊಹರಿಗೆ ಒಂದೊಂದು ಕಡೆ. ನೋಡಿದವರಿಗೆ ಅಲ್ಲಿ ಶಾಯಿ ಹತ್ತಿಲ್ಲ ಅನ್ನಿಸಬೇಕು, ಅಷ್ಟು ಸಣ್ಣದು. ಯಾವ ಊರಿಗೆ ಎಲ್ಲಿ ಕಡಿಯಬೇಕು ಎಂಬುದು ಅವನ ತಲೆಯೊಳಗೆ ಮಾತ್ರ ಇತ್ತು. ನಕಲಿ ಮೊಹರು ಮಾಡುವ ಜಾಣ ಬಳೆಯನ್ನು ನುಣ್ಣಗೆ, ಪೂರ್ತಿ ದುಂಡಗೆ ಮಾಡುತ್ತಾನೆ, ಅಲ್ಲೇ ಸಿಕ್ಕಿಬೀಳುತ್ತಾನೆ ಅನ್ನುವುದು ಅವನ ಎಣಿಕೆ.

ಈಗ ಅದೇ ಅಂಗಡಿಯಲ್ಲಿ ಮಗಳು ಕಿರುಬೆರಳಿನಷ್ಟುದ್ದದ ಟೋಕನ್‌ಗಳನ್ನು ಮಾಡಿಸಿಕೊಡುತ್ತಾಳೆ. ಪಂಚಾಯ್ತಿಯ ಪಿಡಿಒಗಳು, ಗುತ್ತಿಗೆದಾರರು, ಸೊಸೈಟಿ ಕಾರ್ಯದರ್ಶಿಗಳು ಎಲ್ಲ ಅದಕ್ಕೆ ‘ಕೀ’ ಅನ್ನುತ್ತಾರೆ. ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಸಹಿ ಆಯಿತು. ಮೊದಮೊದಲು ಪಕ್ಕೀರಪ್ಪನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

“ಇದರಾಗ ಮೊಹರು ಎಲ್ಲೈತಿ? ತೋರ್ಸು ನೋಡೋಣು,” ಎಂದು ಒಂದು ಮಧ್ಯಾಹ್ನ ತಗಾದೆ ತೆಗೆದಿದ್ದ.

“ಕಾಣೋದಿಲ್ಲಪ್ಪಾ. ಕಂಡ್ರ ಕೆಟ್ಟಂಗ,” ಎಂದಳು ಶಿವಲೀಲಾ. “ಕೀ ಅನ್ನೋದು ಜೋಡಿ ಇರತೈತಿ. ಒಂದು ಈ ಟೋಕನ್ ಒಳಗ ಹುಟ್ಟಿ ಇದರಾಗ ಇರತೈತಿ, ಹೊರಗ ಬರಂಗಿಲ್ಲ. ಇನ್ನೊಂದನ್ನ ಊರಿಗೆಲ್ಲಾ ಹಂಚತೀವಿ. ಸಹಿ ಮಾಡೋದು ಒಳಗಿಂದು. ಆ ಸಹಿ ಖರೇನೋ ಸುಳ್ಳೋ ಅಂತ ನೋಡಾಕ ಹಂಚಿದ್ದು ಸಾಕು, ಯಾರ ಬೇಕಾದ್ರೂ ನೋಡಬೌದು. ಆದ್ರ ಹಂಚಿದ್ದನ್ನ ಇಟಗೊಂಡು ಸಹಿ ಮಾಡಾಕ ಆಗಂಗಿಲ್ಲ. ಸಹಿ ಆದಮ್ಯಾಲ ಕಾಗದದಾಗ ಒಂದು ಚುಕ್ಕಿ ತಿದ್ದಿದ್ರೂ ಗೊತ್ತಾಗತೈತಿ.”

“ಹಂಚಿದ್ದು ನಿಂದ ಅಂತ ಹೇಳೋರು ಯಾರು? ನಾಳೆ ನಾನೂ ಒಂದು ಹಂಚಿ, ಇದು ತಹಶೀಲ್ದಾರ್ರದು ಅಂತೀನಿ.”

“ಅದಕ್ಕ ಸರ್ಟಿಫಿಕೇಟು ಇರೋದು. ಆಧಾರ್ ನೋಡಿ, ವಿಡಿಯೋದಾಗ ಮಾರಿ ನೋಡಿ, ಈ ಕೀ ಇಂಥವರದ್ದ ಅಂತ ಲೈಸೆನ್ಸ್ ಇರೋ ಸಂಸ್ಥೆಯವರು ತಮ್ಮ ಸಹಿ ಹಾಕಿ ಕೊಡತಾರ.”

“ಅವರನ್ನ ನಂಬೋದು ಹೆಂಗ?”

“ಅವರಿಗೆ ಅವರ ಮ್ಯಾಲಿನೋರು ಸಹಿ ಹಾಕಿರ್ತಾರ. ನೀ ಪತ್ರ ಇಲ್ದ ಮೊಹರು ಮಾಡತಿದ್ದಿಲ್ಲಲ್ಲ, ಹಂಗ.”

ಆ ಕೊನೆಯ ಮಾತಿಗೆ ಪಕ್ಕೀರಪ್ಪ ಮೆತ್ತಗಾದ. ತನ್ನ ನಿಯಮ ಎಲ್ಲೋ ಇನ್ನೂ ನಡೆಯುತ್ತಿದೆ ಅಂತ ಕೇಳಿದರೆ ಯಾವ ಮುದುಕನಿಗೆ ಖುಷಿಯಾಗುವುದಿಲ್ಲ? ಆದರೆ ಅವನ ಮನಸ್ಸಿನಲ್ಲಿ ಕೂತದ್ದು ಮೊದಲಿನ ಮಾತು. ಒಳಗಿನದು ಹೊರಗೆ ಬರದೆಯೇ ತಾನು ಯಾರೆಂದು ಹೇಳಿಬಿಡುತ್ತದೆಯಂತೆ. ಈ ಸಂಗತಿಯನ್ನು ತನ್ನ ಅಪ್ಪ ಮೈಲಪ್ಪನಿಗೆ ಹೇಳಬೇಕಿತ್ತು ಅಂದುಕೊಂಡ. ಅಪ್ಪ ತೀರಿಕೊಂಡು ಮೂವತ್ತು ವರ್ಷವಾಗಿತ್ತು.

ಸಂಘಮಿತ್ರಾ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಿಂದ ಮೊದಲ ಬಸ್ಸು ಹಿಡಿದು. ವಯಸ್ಸು ಮೂವತ್ತೊಂಬತ್ತು. ಹನ್ನೆರಡು ವರ್ಷ ಹಾಸ್ಟೆಲ್ಲಿನಲ್ಲಿ ಗುತ್ತಿಗೆಯ ಮೇಲೆ ದುಡಿದವಳು ಈ ಸಲ ಪರೀಕ್ಷೆ ಬರೆದು ವಾರ್ಡನ್ ಹುದ್ದೆಗೆ ಆಯ್ಕೆಯಾಗಿದ್ದಳು. ವಯಸ್ಸಿನ ಮಿತಿ ಈ ವರ್ಷಕ್ಕೇ ಮುಗಿಯುತ್ತಿತ್ತು, ಇನ್ನೊಂದು ಸಲ ಎಂಬುದು ಅವಳಿಗಿರಲಿಲ್ಲ. ಕೈಯಲ್ಲಿ ಒಂದು ನೋಟಿಸು. ಜಾತಿ, ಆದಾಯದ ಪ್ರಮಾಣಪತ್ರಗಳಿಗೆ ಡಿಜಿಟಲ್ ಸಹಿ ಇತ್ತು, ಅವು ಒಂದು ನಿಮಿಷದಲ್ಲಿ ಪಾಸಾಗಿದ್ದವು. ಸಿಕ್ಕಿಕೊಂಡದ್ದು ಗ್ರಾಮೀಣ ವ್ಯಾಸಂಗದ ಹಳೆಯ ಪ್ರಮಾಣಪತ್ರ. 2002ರಲ್ಲಿ ಹೊಂಬೆಳಕು ವಿದ್ಯಾಪೀಠ ಎಂಬ ಊರಿನ ಶಾಲೆ ಕೊಟ್ಟದ್ದು. ಆ ಶಾಲೆ ಮುಚ್ಚಿಹೋಗಿ, ಅದರ ರಿಜಿಸ್ಟರುಗಳನ್ನು ಗೆದ್ದಲು ತಿಂದು, ಎಷ್ಟೋ ಕಾಲವಾಗಿತ್ತು.

“ನಾಳೆ ಕಡೇ ದಿನಾರೀ ಅಕ್ಕಾರ,” ಎಂದು ಅವಳು ಶಿವಲೀಲಾಳ ಎದುರು ಕುರ್ಚಿಯ ತುದಿಯಲ್ಲಿ ಕೂತಳು. “ಏನಾರ ಆನ್‌ಲೈನ್ ಅರ್ಜಿ ಹಾಕಾಕ ಬರತೈತೇನು ನೋಡ್ರಿ.”

ಶಿವಲೀಲಾ ನೋಟಿಸನ್ನು ಗಟ್ಟಿಯಾಗಿ ಓದಿದಳು. “ಮೊಹರಿನ ಒಳವೃತ್ತವು ತುಂಡಾಗಿದ್ದು, ಅದೇ ಶಾಲೆಯ ಮತ್ತೊಬ್ಬ ಅಭ್ಯರ್ಥಿಯ ಪ್ರಮಾಣಪತ್ರದಲ್ಲಿನ ಮೊಹರಿಗೆ ತಾಳೆಯಾಗುವುದಿಲ್ಲ. ಮೊಹರು ನಕಲಿ ಎಂಬ ಸಂಶಯವಿದೆ.”

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಪಕ್ಕೀರಪ್ಪನ ಕೈ ಅಲ್ಲೇ ನಿಂತಿತು. “ಯವ್ವಾ, ಆ ಕಾಗದ ಇತ್ತಾಗ ಕೊಡು,” ಎಂದ. ಡ್ರಾಯರಿನಿಂದ ಭೂತಗನ್ನಡಿ ತೆಗೆದು ಮೊಹರಿನ ಮೇಲೆ ಹಿಡಿದ. ಗಡಿಯಾರದ ಮುಖ ಅಂದುಕೊಂಡರೆ ಏಳಕ್ಕೂ ಎಂಟಕ್ಕೂ ನಡುವೆ, ಒಳಬಳೆಯಲ್ಲಿ, ಕೂದಲೆಳೆಯಷ್ಟು ಕಡಿತ. ಅವನ ಕೈಯದೇ. ಇಪ್ಪತ್ತೇಳು ವರ್ಷದ ಹಿಂದೆ ಕಡಿದದ್ದು, ಇವತ್ತು ಕಡಿದಷ್ಟು ನೇರವಾಗಿತ್ತು.

ಅಸಲಿ ಎಂದು ತಿಳಿಯಲಿ ಅಂತ ತಾನೇ ಹಾಕಿದ ಗುರುತು ಈ ಹೆಣ್ಣುಮಗಳ ಕೊರಳಿಗೆ ಬಂದಿತ್ತು. ನುಣ್ಣಗೆ ದುಂಡಗೆ ಮಾಡಿದ ಕಳ್ಳಮೊಹರು ಅಲ್ಲಿ ಯಾವುದೋ ಫೈಲಿನಲ್ಲಿ ಗಂಭೀರವಾಗಿ ಕೂತು ಅಸಲಿಯ ಮೇಲೆ ಸಾಕ್ಷಿ ಹೇಳುತ್ತಿತ್ತು. ಇಂಥದ್ದೊಂದು ದಿನ ಬರಬಹುದೆಂದು ಮೂವತ್ಮೂರು ವರ್ಷದಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ, ಎಂಥ ಬುದ್ಧಿವಂತ!

ಅಟ್ಟದಿಂದ ನೋಟ್‌ಬುಕ್ಕುಗಳ ಗಂಟು ಇಳಿಯಿತು. 1998ರದ್ದನ್ನು ಬಿಚ್ಚಿ ಹುಡುಕಿದ. ಸಿಕ್ಕಿತು. ಹೊಂಬೆಳಕು ವಿದ್ಯಾಪೀಠ, ಅರಸೀಕೆರೆ. ನೇರಳೆ ಶಾಯಿಯ ಅಚ್ಚು, ತಾರೀಖು, ಕೆಳಗೆ ಒಯ್ದವನ ಸಹಿ. ಸೊಟ್ಟಸೊಟ್ಟಗೆ, ಒಂದೊಂದು ಅಕ್ಷರವೂ ಒಂದೊಂದು ಕಡೆಗೆ ಮುಖ ಮಾಡಿ ಕೂತಿದ್ದ ಸಹಿ: ಹೊನ್ನೂರಸ್ವಾಮಿ.

“ಇದು ನಮ್ಮಪ್ಪಂದು,” ಎಂದಳು ಸಂಘಮಿತ್ರಾ. “ಆ ಸಾಲ್ಯಾಗ ಅಟೆಂಡರ್ ಇದ್ದ. ತೀರಿಕೊಂಡು ಆರು ವರ್ಷ ಆತು.”

ಪಕ್ಕೀರಪ್ಪನಿಗೆ ಆ ದಿನ ಕಣ್ಣಮುಂದೆ ಬಂತು. ಇಸ್ತ್ರಿ ಮಾಡಿದ ಖಾಕಿ ಅಂಗಿಯ ಆ ಮನುಷ್ಯನಿಗೆ ತಾನು ರೂಢಿಯಂತೆ ಇಂಕ್‌ಪ್ಯಾಡ್ ಸರಿಸಿದ್ದ. ಆತ ಅದನ್ನು ಮೆಲ್ಲಗೆ ವಾಪಸು ಸರಿಸಿ, “ಹೆಬ್ಬೆಟ್ಟು ಬ್ಯಾಡ್ರಿ, ಪೆನ್ನು ಕೊಡ್ರಿ. ಸಾಕ್ಷರತಾ ಕ್ಲಾಸಿಗೆ ಹೋಗಿ ಕಲ್ತೀನಿ. ಹೊರಗಿನೋರ ಮುಂದ ಇದ ಮೊದಲನೇ ಸಹಿ,” ಎಂದಿದ್ದ. ಐದು ಅಕ್ಷರ ಬರೆಯುವಷ್ಟರಲ್ಲಿ ಅವನ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿನ ತನಕ ಇಬ್ಬರೂ ಕೂತು ಚಹಾ ಕುಡಿದಿದ್ದರು. ಮಗಳಿಗೆ ಸಂಘಮಿತ್ರಾ ಅಂತ ಹೆಸರಿಟ್ಟೀನಿ, ಅಕಿ ಸಹಿ ನನಗಿಂತ ಚಂದ ಮಾಡತಾಳ, ಅಂದಿದ್ದ. ಆ ಮಾತು ಈಗ ಹೇಳಿದರೆ ಎದುರಿಗಿರುವವಳು ಅತ್ತುಬಿಡುತ್ತಾಳೆ ಅಂತ ಪಕ್ಕೀರಪ್ಪ ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಹೇಳಿಯೂಬಿಟ್ಟ. ಅವಳು ಅತ್ತಳು.

“ನಡೀ ತಂಗೀ, ನಾ ಬರತೀನಿ,” ಎಂದು ಎದ್ದು ನೋಟ್‌ಬುಕ್ಕನ್ನು ಕೈಚೀಲಕ್ಕೆ ಹಾಕಿದ. ಶಿವಲೀಲಾ ಅಪ್ಪನನ್ನೇ ನೋಡಿದಳು. ಮೊಹರಿನ ಪುಸ್ತಕ ಅಂಗಡಿಯ ಹೊಸ್ತಿಲು ದಾಟಿದ್ದನ್ನು ಅವಳು ಕಂಡೇ ಇರಲಿಲ್ಲ.

ದಾಖಲೆ ಪರಿಶೀಲನೆ ನಡೆಯುತ್ತಿದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಬಸ್ಸಿನ ಕಿಟಕಿಯ ಪಕ್ಕ ಕೂತ ಪಕ್ಕೀರಪ್ಪನಿಗೆ ಹೊರಗೆ ಹೊಲದಲ್ಲಿ ತಂಗಿದ್ದ ಒಂದು ಕುರಿಹಿಂಡು ಕಂಡಿತು. ಅದು ಹಿಂದೆ ಸರಿದು ಮರೆಯಾದರೂ ಅವನ ಮನಸ್ಸು ಮಾತ್ರ ಅಲ್ಲೇ ಇಳಿದುಬಿಟ್ಟಿತು.

ಮೈಲಪ್ಪ ಕುರಿಗಾರ. ಕುರಿಯ ಎಡಗಿವಿಯ ಅಂಚಿಗೆ ಎರಡು ಕಚ್ಚು ಅವನ ಹಿಂಡಿನ ಗುರುತು, ಅದು ಸುತ್ತಿನ ಕುರಿಗಾರರಿಗೆಲ್ಲ ಗೊತ್ತು. ಇನ್ನೊಂದು ಗುರುತು ಕಿವಿಯ ಒಳಗೆ, ಕೂದಲಿನ ಕೆಳಗೆ. ಕಾಯಿಸಿದ ಸೂಜಿಯ ಮೊನೆಯಿಂದ ಇಟ್ಟ ಒಂದು ಬೊಟ್ಟು. ಮರಿ ಹುಟ್ಟಿದ್ದು ಮನೆಯಿಂದ ಯಾವ ದಿಕ್ಕಿನಲ್ಲೋ, ಕಿವಿಯ ಆ ಕಡೆಗೆ ಬೊಟ್ಟು. ಅದು ಮನೆಯವರಿಗೆ ಮಾತ್ರ ಗೊತ್ತು. ಪಕ್ಕೀರಪ್ಪನಿಗೆ ಹನ್ನೊಂದು ವರ್ಷವಾದಾಗ ಕೂಡ್ಲಿಗಿ ದಾರಿಯಲ್ಲಿ ಒಂದು ಹೆಣ್ಣುಮರಿ ಹುಟ್ಟಿ, ತಾಯಿ ಸತ್ತುಹೋಯಿತು. ಬಟ್ಟೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದ್ದಿ ಬಾಯಿಗಿಟ್ಟು ಅದನ್ನು ಬದುಕಿಸಿದವನು ಅವನೇ. ಹಣೆಯ ಮೇಲೆ ಬಿಳಿ ಮಚ್ಚೆ ಇತ್ತು, ಚುಕ್ಕಿ ಅಂತ ಕರೆದ. ಅವನು ಎಲ್ಲಿ ಹೋದರೂ ಅದು ಹಿಂದೆ.

ವರ್ಷ ತುಂಬುವಷ್ಟರಲ್ಲಿ ಚುಕ್ಕಿ ಕಳೆದುಹೋಯಿತು. ತಿಂಗಳ ಮೇಲೆ ಬೇರೊಬ್ಬರ ಹಿಂಡಿನಲ್ಲಿ ಸಿಕ್ಕಿತು. ಕಿವಿಯ ಅಂಚಿಗೆ ಎರಡಿದ್ದ ಕಚ್ಚು ಮೂರಾಗಿತ್ತು. ಹುಣಸೆಮರದ ಕೆಳಗೆ ಹಿರಿಯರು ಸೇರಿದರು. ಸುತ್ತ ನಲವತ್ತು ಜನ ಕುರಿಗಾರರು. “ಮೈಲಪ್ಪ, ಬ್ಯಾರೆ ಗುರುತು ಏನಾರ ಇದ್ರ ಹೇಳು, ಈಗಿಂದೀಗ ಬಿಡಸ್ತೀವಿ,” ಎಂದರು. ಅಪ್ಪ ಮಾತಾಡಲಿಲ್ಲ. ಹುಡುಗನಿಗೆ ತಡೆಯಲಾಗಲಿಲ್ಲ, “ಕಿವಿ ಒಳಗ—” ಅಂದ. ಅಷ್ಟರಲ್ಲಿ ಅಪ್ಪನ ಅಂಗೈ ಬಂದು ಬಾಯಿ ಮುಚ್ಚಿತು. ಉಣ್ಣೆ, ತಂಬಾಕು, ಬೆವರು, ಎಲ್ಲ ವಾಸನೆಯೂ ಇದ್ದ ಅಂಗೈ. ಆ ಅಂಗೈಯ ಹಿಂದಿನಿಂದಲೇ ಅವನು ಚುಕ್ಕಿಯನ್ನು ಎಳೆದುಕೊಂಡು ಹೋಗುವುದನ್ನು ನೋಡಿದ. ಅದು ತಿರುಗಿ ತಿರುಗಿ ನೋಡಿ ಕೂಗುತ್ತಿತ್ತು.

ದಾರಿಯಲ್ಲಿ ಅಪ್ಪ ಹೇಳಿದ್ದು ಇಷ್ಟೆ. “ಒಂದು ಕುರಿ ಹೋತು, ಹೋಗ್ಲಿ. ಅಷ್ಟು ಮಂದಿ ಮುಂದ ಗುರುತು ಹೇಳಿದ್ದಿದ್ರ ಹಿಂಡ ಹೋಗತಿತ್ತು.” ಅಪ್ಪ ಹೇಳಿದ್ದು ಸರಿಯೇ ಇತ್ತು. ಪಕ್ಕೀರಪ್ಪ ಒಂದು ತಿಂಗಳು ಅಪ್ಪನೊಂದಿಗೆ ಮಾತು ಬಿಟ್ಟ. ಆಮೇಲೆ ಅಂಗಡಿ ಹಾಕಿದಾಗ, ಯಾರೂ ಹೇಳಿಕೊಡದೆ, ಒಳಬಳೆಗೆ ಬ್ಲೇಡು ಇಟ್ಟ.

ಪರಿಶೀಲನೆಯ ಅಧಿಕಾರಿ ಪುಷ್ಪಲತಾ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಟ್‌ಬುಕ್ಕಿನ ಹಾಳೆ ನೋಡಿದರು. ಐವತ್ತರ ಹತ್ತಿರದ ಹೆಂಗಸು, ಮಾತು ನೇರ.

“ಯಜಮಾನ್ರ, ನಿಮ್ಮ ಪುಸ್ತಕದಾಗೂ ಬಳಿ ಒಡದೈತಿ, ಇವರ ಕಾಗದದಾಗೂ ಒಡದೈತಿ. ಖರೆ. ಆದ್ರ ಈ ಅಚ್ಚು ನೀವು ನಿನ್ನೆ ಒತ್ತಿಲ್ಲ ಅಂತ ನನಗ ಹೆಂಗ ಗೊತ್ತಾಗಬೇಕು?”

ಪ್ರಶ್ನೆ ನ್ಯಾಯವಾದದ್ದೇ. ತಾನೇ ಆ ಕುರ್ಚಿಯಲ್ಲಿದ್ದರೂ ಇದನ್ನೇ ಕೇಳುತ್ತಿದ್ದೆ ಅನ್ನಿಸಿತು ಪಕ್ಕೀರಪ್ಪನಿಗೆ. ಮಗಳ ಮಾತು ನೆನಪಾಯಿತು. ಒಳಗಿನದು ಹೊರಗೆ ಬರಬಾರದು, ಆದರೆ ಉತ್ತರ ಹೊರಗೆ ಬರಬೇಕು.

“ತಾಯೀ, ನೀವು ಓದಿದ್ದು ಯಾವೂರಾಗ?”

“ಯಾಕ್ರಿ? ಮಾಗಳ. ಹಡಗಲಿ ತಾಲ್ಲೂಕು.”

“ನಿಮ್ಮ ಸಾಲಿ ಹಳೇ ಕಾಗದ ಯಾವದಾರ ಫೋನಿನಾಗ ಐತೇನ್ರಿ? ನನಗ ತೋರಸಬ್ಯಾಡ್ರಿ. ನೀವ ನೋಡ್ರಿ. ದುಂಡನ ಮೊಹರಿದ್ರ, ಒಳಬಳ್ಯಾಗ ಹತ್ತಕ್ಕೂ ಹನ್ನೊಂದಕ್ಕೂ ನಡುವ ಸಣ್ಣದೊಂದು ಕಡಿತ ಇರತೈತಿ.”

ಪುಷ್ಪಲತಾ ನಕ್ಕರು. ನಗುತ್ತಲೇ ಫೋನು ತೆಗೆದು, ಎಲ್ಲಿಯೋ ಹುಡುಕಿ, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ನಗು ನಿಂತಿತು. ಇಪ್ಪತ್ತಾರು ವರ್ಷದಿಂದ ಸಂಬಳ ತಂದುಕೊಟ್ಟ ಆ ಕಾಗದವನ್ನು ಅವರು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಅವರು ಪಕ್ಕದ ಫೈಲುಗಳ ರಾಶಿಯಿಂದ ಒಂದನ್ನು ಎಳೆದು, ಮೊಹರಿನ ಮೇಲೆ ಅಂಗೈ ಮುಚ್ಚಿ, “ಕೋಗಳಿ,” ಎಂದರು.

“ಹನ್ನೊಂದರ ಹತ್ರ.”

ಅಂಗೈ ತೆಗೆದು ನೋಡಿದರು. ಇನ್ನೊಂದು ಎಳೆದರು. “ಹರಪನಹಳ್ಳಿ.”

“ಒಂಬತ್ತು.”

“ಕೂಡ್ಲಿಗಿ.”

“ಮೂರಕ್ಕಿಂತ ತುಸು ಮ್ಯಾಲೆ. ಯಾವ ವರ್ಷದ್ದು ಅದು?”

“ಎಪ್ಪತ್ತೊಂಬತ್ತು. ಅಭ್ಯರ್ಥಿ ಅಪ್ಪನ ಕಾಗದ ಇದು.”

“ಹಂಗಾದ್ರ ನಂದಲ್ಲ. ನಾನಿನ್ನೂ ಅಂಗಡೀನ ಹಾಕಿದ್ದಿಲ್ಲ.”

ಅದರಲ್ಲಿ ಕಡಿತ ಇರಲಿಲ್ಲ. ಪುಷ್ಪಲತಾ ಹೊಂಬೆಳಕಿನ ಇನ್ನೊಬ್ಬ ಅಭ್ಯರ್ಥಿಯ ಕಾಗದವನ್ನು, ಹೆಸರು ಮುಚ್ಚಿ, ಮುಂದಿಟ್ಟರು. ಪಕ್ಕೀರಪ್ಪ ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿದ. “ಬಳಿ ಭಾಳ ಚಂದ ಐತ್ರಿ. ಅದಕ್ಕ ಇದು ನಂದಲ್ಲ.”

“ಅದರ ವಿಚಾರ ಬ್ಯಾರೆ ಮಾಡತೀನಿ,” ಎಂದು ಅವರು ಅದನ್ನು ಪಕ್ಕಕ್ಕಿಟ್ಟು 'ವಿಚಾರಣೆಗೆ' ಎಂದು ಬರೆದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಯಜಮಾನ್ರ, ನಾ ನಂಬಿದೆ. ಆದ್ರ ನಾ ನಂಬಿದ್ರ ಸಾಲದು. ಇದು ಅಸಲಿ ಅಂತ ಯಾವ ಆಧಾರದ ಮ್ಯಾಲ ಹೇಳಿದೆ ಅಂತ ಬರೀಬೇಕು. ನನ್ನ ಮ್ಯಾಲಿನೋರು ಕೇಳತಾರ. ಯಾವ ಊರಿಗೆ ಎಲ್ಲಿ ಅಂತ ನಿಮಗ ಗೊತ್ತೈತಿ. ಹೆಂಗ ಗೊತ್ತೈತಿ, ಅದನ್ನ ಹೇಳ್ರಿ.”

ಪಕ್ಕೀರಪ್ಪ ಲೆಕ್ಕ ಹಾಕಿದ. ಹೇಳಿದರೆ ಫೈಲಿಗೆ ಹೋಗುತ್ತದೆ, ಫೈಲಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಯಾರ ಬಾಯಿಗೋ. ನಾಳೆ ಬ್ಲೇಡು ಇರುವ ಯಾವ ಕಳ್ಳನಾದರೂ ಸರಿಯಾದ ಕಡೆಗೆ ಕಡಿದು ಹಳೆಯ ಕಾಗದ ಹುಟ್ಟಿಸಬಹುದು. ಐದು ತಾಲ್ಲೂಕಿನ ಕಪಾಟುಗಳಲ್ಲಿರುವ ತನ್ನ ಸಾವಿರಾರು ಮೊಹರುಗಳ ಮಾತು ಅಲ್ಲಿಗೆ ಮುಗಿಯಿತು. ತುಟಿಯ ಮೇಲೆ ಉಣ್ಣೆ, ತಂಬಾಕಿನ ವಾಸನೆ ಬಂದಂತಾಯಿತು. ಐವತ್ತೇಳು ವರ್ಷವಾದರೂ ಆ ಅಂಗೈ ಅಲ್ಲೇ ಇತ್ತು.

ಸಂಘಮಿತ್ರಾ ಗೋಗರೆಯಲಿಲ್ಲ. ಅವಳು ಅವನ ಕಡೆ ನೋಡುತ್ತಲೂ ಇರಲಿಲ್ಲ. ತೆರೆದ ಹಾಳೆಯಲ್ಲಿ ಅಪ್ಪನ ಸೊಟ್ಟ ಅಕ್ಷರಗಳ ಮೇಲೆ ತೋರುಬೆರಳು ಇಟ್ಟು, ತಿದ್ದುವವಳಂತೆ, ಒಂದೊಂದಾಗಿ ದಾಟುತ್ತಿದ್ದಳು.

ಇಕಿ ಕುರಿಯಲ್ಲಪ್ಪೋ, ಎಂದು ಪಕ್ಕೀರಪ್ಪ ಒಳಗೊಳಗೇ ಅಪ್ಪನಿಗೆ ಹೇಳಿದ. ಹೇಳಿ, ಬಾಯಿ ಬಿಟ್ಟ.

“ಮೊಹರಿನ ನಡುವ ನನ್ನ ಅಂಗಡಿ ಐತಿ ಅನಕೋರಿ. ಮ್ಯಾಲಿನ ಕಡಿ ಬಡಗಣ ದಿಕ್ಕು. ಕೊಟ್ಟೂರಿಂದ ಆ ಊರು ಯಾವ ದಿಕ್ಕಿಗೈತೋ ಆ ದಿಕ್ಕಿಗೆ ಬಳಿ ಕಡೀತಿದ್ದೆ. ಹಗರಿಬೊಮ್ಮನಹಳ್ಳಿ ನೆಟ್ಟಗ ಮ್ಯಾಲೆ. ಹರಪನಹಳ್ಳಿ ಎಡಕ್ಕ. ಅರಸೀಕೆರೆ ಎಡಕ್ಕ ಕೆಳಗ. ಇದ ನನ್ನ ಗುಟ್ಟು. ಇನ್ನ ಇಲ್ಲ.”

“ಬರೀಲೇನ್ರಿ?” ಎಂದು ಪುಷ್ಪಲತಾ ಮೆಲ್ಲಗೆ ಕೇಳಿದರು.

“ಬರೀರಿ.”

ಬರೆದು ಮುಗಿಸಿ, ಪಕ್ಕೀರಪ್ಪನಿಂದ ಸಹಿ ಮಾಡಿಸಿಕೊಂಡು, ಕಾಗದವನ್ನು ಸ್ಕ್ಯಾನ್ ಮಾಡಿದರು. ಕೊರಳಿನ ದಾರದಲ್ಲಿದ್ದ ಟೋಕನ್ನನ್ನು ಕಂಪ್ಯೂಟರಿಗೆ ಚುಚ್ಚಿದರು. ಎಡಗೈಯನ್ನು ಅಡ್ಡ ಹಿಡಿದು ಬಲಗೈಯಿಂದ ಪಿನ್ ಒತ್ತಿದರು. ಆ ಅಡ್ಡ ಹಿಡಿದ ಅಂಗೈಯನ್ನು ಕಂಡು ಪಕ್ಕೀರಪ್ಪ ಮುಖ ಆ ಕಡೆ ತಿರುಗಿಸಿದ. ತಿರುಗಿಸುವಾಗ ಅವನಿಗೆ, ಯಾಕೋ ಏನೋ, ಅಪ್ಪನ ಮೇಲಿನ ಸಿಟ್ಟು ಅರ್ಧ ಇಳಿದುಹೋಗಿತ್ತು.

“ಆತು ಸಂಘಮಿತ್ರಾ,” ಎಂದರು ಪುಷ್ಪಲತಾ. “ಮೊಹರು ಅಸಲಿ ಅಂತ ಬರದೀನಿ. ಆದೇಶ ಬರತೈತಿ.”

ಹೊರಗೆ ಜಗಲಿಯಲ್ಲಿ ಸಂಘಮಿತ್ರಾ ಅವನ ಎರಡೂ ಕೈ ಹಿಡಿದುಕೊಂಡಳು. ಅಪ್ಪನ ಸಹಿಯ ಒಂದು ಫೋಟೋ ತೆಗೆದುಕೊಳ್ಳಲೇ ಅಂತ ಕೇಳಿದಳು. ಹತ್ತು ತೆಗೆದುಕೊಂಡಳು. ಅವಳ ಬಸ್ಸು ಬಂದಾಗ, “ಅಜ್ಜಾರ, ಹಾಸ್ಟೆಲ್ಲಿಗೆ ಬರಬೇಕು ನೀವು,” ಎಂದು ಕಿಟಕಿಯಿಂದ ಕೂಗಿದಳು.

ಪಕ್ಕೀರಪ್ಪ ಅಂಗಡಿ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಬುತ್ತಿ ಬಿಚ್ಚಿದ ಮಗಳ ಎದುರು ಕೂತು ಎಲ್ಲವನ್ನೂ ಹೇಳಿದ, ಬ್ಲೇಡಿನಿಂದ ಹಿಡಿದು ದಿಕ್ಕಿನ ತನಕ. ಶಿವಲೀಲಾ ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದಳು. ಇಪ್ಪತ್ತು ವರ್ಷ ಇದೇ ಅಂಗಡಿಯಲ್ಲಿ ಬೆಳೆದೂ ತನಗೆ ಗೊತ್ತಾಗಲಿಲ್ಲವಲ್ಲ ಅಂತ ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

“ಎಲ್ಲಾ ಹೋತವ್ವಾ,” ಎಂದ ಪಕ್ಕೀರಪ್ಪ. “ಗುಟ್ಟು ಬಯಲಾದಮ್ಯಾಲ ಮೊಹರಿಗೆ ಏನ ಬೆಲಿ? ನಿಮ್ಮ ಕೀ ಆದ್ರ ಒಳಗ ಇದ್ದು ಉತ್ತರ ಕೊಡತೈತಿ. ನನಗ ಬಾಯಿ ಬಿಡಬೇಕಾತು.”

“ನಮ್ಮದೂ ಬಯಲಾಗತೈತಪ್ಪಾ. ಟೋಕನ್ ಕಳಕೊಂತಾರ, ಪಿನ್ ಬರದು ಅದಕ್ಕ ಅಂಟಸಿರ್ತಾರ ಪುಣ್ಯಾತ್ಮರು.”

“ಆವಾಗ ಏನ ಮಾಡತೀರಿ?”

“ರದ್ದು ಮಾಡಸ್ತೀವಿ. ಇಂಥ ದಿನದಿಂದ ಈ ಕೀ ನಡೆಯಂಗಿಲ್ಲ ಅಂತ ಎಲ್ಲಾರಿಗೂ ಕಾಣೋ ಪಟ್ಟಿಗೆ ಹಾಕತಾರ.”

“ಮತ್ತ ಅದರಿಂದ ಮೊದಲು ಮಾಡಿದ್ದ ಸಹಿ?”

“ಅವು ಯಾಕ ಹೋಗತಾವು? ರದ್ದಾಗೋಕಿಂತ ಮುಂಚೆ ಮಾಡಿದ್ದು ಅಂತ ತಾರೀಖಿನ ಪುರಾವೆ ಇದ್ರ ಅವೆಲ್ಲಾ ಊರ್ಜಿತ. ನಿನ್ನ ಪುಸ್ತಕದಾಗ ಎಲ್ಲಾದಕ್ಕೂ ತಾರೀಖು ಐತಲ್ಲ, ಒಯ್ದೋರ ಸಹಿ ಐತಲ್ಲ.”

ಪಕ್ಕೀರಪ್ಪ ತುತ್ತು ಅಲ್ಲೇ ನಿಲ್ಲಿಸಿದ. “ಊರ್ಜಿತ,” ಎಂದು ಒಮ್ಮೆ ತನ್ನಷ್ಟಕ್ಕೆ ಹೇಳಿ ನೋಡಿದ. ಕೈ ತೊಳೆದು ಬಂದು ಕೊನೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದ. 2014ರ ಒಂದು ಮೊಹರಿನ ಅಚ್ಚಿತ್ತು. ಅದರ ಕೆಳಗೆ ಗೆರೆ ಎಳೆದು ದೊಡ್ಡ ಅಕ್ಷರದಲ್ಲಿ ಬರೆದ: ‘ಒಳಬಳೆಯ ಗುರುತು ಇಂದಿಗೆ ರದ್ದು. ಈ ಪುಸ್ತಕಗಳಲ್ಲಿ ಇರುವ ಹಿಂದಿನವೆಲ್ಲ ಊರ್ಜಿತ.’ ತಾರೀಖು ಹಾಕಿ ಸಹಿ ಮಾಡಿದ. ಶಿವಲೀಲಾ ಅದನ್ನು ಸ್ಕ್ಯಾನ್ ಮಾಡಿ, ತನ್ನ ಟೋಕನ್ ಚುಚ್ಚಿ, ಕೆಳಗೆ ತನ್ನ ಸಹಿ ಹಾಕಿದಳು. ಅಪ್ಪ ಹೇಳದಿದ್ದರೂ ಹಾಕಿದಳು.

ಅವಳು ತಿರುಗಿ ನೋಡಿದಾಗ ಪಕ್ಕೀರಪ್ಪ ಮೊಟ್ಟಮೊದಲ ನೋಟ್‌ಬುಕ್ಕು ಬಿಚ್ಚಿಕೊಂಡಿದ್ದ. 1981ರ ಮೊದಲ ಮೊಹರಿನ ಮೇಲೆ ನಾಲ್ಕು ಬೆರಳಿನಷ್ಟು ಖಾಲಿ ಜಾಗ ಇತ್ತು. ಅಲ್ಲಿ ಪೆನ್ನಿನಿಂದ ಅರಳಿ ಎಲೆಯಂಥದ್ದೇನನ್ನೋ ಬರೆದು, ಅದರ ಅಂಚಿಗೆ ಎರಡು ಕಚ್ಚು ಹಾಕಿ, ಒಳಗೆ ಬಲಗಡೆ, ಮೂರಕ್ಕಿಂತ ತುಸು ಮೇಲೆ, ಒಂದು ಬೊಟ್ಟಿಟ್ಟ.

“ಇದ್ಯಾವ ಆಫೀಸಿಂದಪ್ಪಾ?” ಎಂದಳು ಶಿವಲೀಲಾ.

“ಆಫೀಸಿಂದಲ್ಲ, ನಮ್ಮನಿದು,” ಎಂದ ಪಕ್ಕೀರಪ್ಪ. ಪಕ್ಕದಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ, ಬರೆದ: ‘ಚುಕ್ಕಿ. ಹೆಣ್ಣು ಕುರಿ. ಹುಟ್ಟಿದ್ದು ಕೂಡ್ಲಿಗಿ ದಾರಿಯಲ್ಲಿ. ನಮ್ಮದು.’